ಕಲಿಯೋರಿಗೆ ಕೊಟ್ಟ ಕಾಸು

ನಮ್ಮ ಧರ್ಮಪುರಿಯ ಹಳೇ ಹೆಸರು ತಗಡೂರು. ಅಲ್ಲಿ ಆಳಿದ ಅಧಿಯಮಾನನ ಕಥೆ ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ತಿಂದವರ ಆಯುಸ್ಸು ಹೆಚ್ಚಿಸುವ ಒಂದು ನೆಲ್ಲಿಕಾಯಿ ಆ ದೊರೆಯ ಕೈಗೆ ಸಿಕ್ಕಿತಂತೆ. ಅವನು ತಾನು ತಿನ್ನಲಿಲ್ಲ. ಅವ್ವೈ ಎಂಬ ಕವಿತಾಯಿಗೆ ಕೊಟ್ಟ. ನಾನು ಹಾಡು ಹೇಳೋನು, ಅದಕ್ಕೇ ಈ ಕಥೆ ಅಂದ್ರೆ ನನಗೆ ಬಲು ಹೆಮ್ಮೆ. ಆದರೆ ಒಂದು ಮಾತು ಯೋಚನೆ ಮಾಡಿ ನೋಡಿ. ನೆಲ್ಲಿಕಾಯಿ ಕೊಡುವ ಹೊತ್ತಿಗೆ ಅವ್ವೈ ಆಗಲೇ ಹೆಸರಾದವಳು. ಹೆಸರಾದೋರಿಗೆ ಕೊಡೋಕೆ ಎಲ್ಲರೂ ಮುಂದೆ ಬರ್ತಾರೆ. ಇನ್ನೂ ಹೆಸರಾಗದೋರಿಗೆ, ಈಗ ತಾನೇ ಕಲೀತಾ ಇರೋರಿಗೆ ಕೊಟ್ಟ ಪುಣ್ಯಾತ್ಮರು ಯಾರು? ನಾನು ಈಗ ಹೇಳೋಕೆ ಹೊರಟಿರೋ ಚರಿತ್ರೆ ಅವರದ್ದು.

ಈ ಚರಿತ್ರೆ ನನಗೆ ಸಿಕ್ಕಿದ್ದು ಆಸ್ಪತ್ರೆಯಲ್ಲಿ. ಆರು ವರ್ಷದ ಹಿಂದೆ ನನ್ನ ಮಗಳ ಮಗನಿಗೆ ರಕ್ತದ ಕ್ಯಾನ್ಸರ್ ಬಂತು. ಅವನಿಗೆ ಆಗ ಐದು ವರ್ಷ. ನಮಗೆ ಮದ್ರಾಸಿಗಿಂತ ಬೆಂಗಳೂರು ಹತ್ತಿರ. ಒಂದು ಜೊತೆ ಎತ್ತು ಮಾರಿ, ಹುಣಸೆಮರ ಗುತ್ತಿಗೆಗೆ ಬಿಟ್ಟು, ಹೊಸೂರು ದಾರಿಯಲ್ಲಿ ಬೆಂಗಳೂರಿಗೆ ಅಲೆದೆವು. ಅಲ್ಲಿ ಒಂದು ದಿನ ಬಿಳೀ ಕೋಟಿನ ಒಬ್ಬ ಹೆಣ್ಣುಮಗಳು ಬಂದು, "ತಾತ, ಪರೀಕ್ಷೆಗೆ ರಕ್ತ ತೆಗೆಯುವಾಗ ಇನ್ನೊಂದು ಚೂರು ಜಾಸ್ತಿ ತೆಗೆದುಕೊಳ್ತೀವಿ, ನನ್ನ ಸಂಶೋಧನೆಗೆ ಬೇಕು, ನಿಮ್ಮ ಒಪ್ಪಿಗೆ ಇದ್ದರೆ ಸಹಿ ಮಾಡಿ" ಅಂದಳು. ನನಗೆ ಸಿಟ್ಟು ಬಂತು. "ಮೊದಲೇ ಬಡಕಲು ಮಗು. ಅದರ ರಕ್ತ ಹೀರಿ ನೀನು ಪಾಸಾಗಬೇಕೇನಮ್ಮ?" ಅಂತ ಎಲ್ಲರ ಮುಂದೆ ಅಂದುಬಿಟ್ಟೆ.

ಆಕೆ ಬೇಜಾರು ಮಾಡಿಕೊಳ್ಳಲಿಲ್ಲ. "ನಿಮ್ಮ ಮೊಮ್ಮಗ ವಾರಕ್ಕೊಂದು ದಿನ ತಗೋಳ್ಳೋ ಹಳದಿ ಮಾತ್ರೆ ಇದೆಯಲ್ಲ ತಾತ, ಅದೂ ಹಿಂದೆ ಯಾರೋ ಮಕ್ಕಳ ರಕ್ತ ನೋಡಿ ನೋಡೇ ಬಂದದ್ದು. ಅದನ್ನು ಮಾಡಿಸಿದ ಮಹಾನುಭಾವರು ನಮ್ಮ ಪಕ್ಕದ ಆಂಧ್ರದವರು. ಅವರೂ ನನ್ನ ಹಾಗೇ ಧರ್ಮದ ದುಡ್ಡಿನಲ್ಲಿ ಓದಿದವರು" ಅಂದಳು. ನಾನು ಸಹಿ ಹಾಕಿದೆ. ಆಮೇಲೆ ಆಕೆ ಸಿಕ್ಕಾಗೆಲ್ಲ ಕೇಳಿ, ಊರಿಗೆ ಬಂದು ನಮ್ಮ ಮೇಷ್ಟ್ರ ಹತ್ತಿರ ಓದಿಸಿಕೊಂಡು ತಿಳಿದದ್ದನ್ನು ಬರೀತೀನಿ.

ಅವರ ಹೆಸರು ಯಲ್ಲಾಪ್ರಗಡ ಸುಬ್ಬರಾವ್. 1895ರಲ್ಲಿ ಭೀಮಾವರಂನಲ್ಲಿ ಹುಟ್ಟಿದರು. ಬಡತನದ ಮನೆ. ಒಡಹುಟ್ಟಿದ ಇಬ್ಬರು ಸ್ಪ್ರೂ ಎಂಬ ಹೊಟ್ಟೆ ರೋಗದಲ್ಲಿ ಸತ್ತರು. ತಿಂದ ಅನ್ನ ಮೈಗೆ ಹತ್ತದೆ, ಭೇದಿಯಾಗಿ, ರಕ್ತ ಕಮ್ಮಿಯಾಗಿ ಸಾಯುವ ರೋಗ ಅದು. ಸುಬ್ಬರಾಯರು ಮದ್ರಾಸಿನಲ್ಲಿ ವೈದ್ಯ ಓದಿದ್ದು ಸ್ನೇಹಿತರ ಸಹಾಯದಿಂದ, ಮುಂದೆ ಹೆಣ್ಣು ಕೊಟ್ಟ ಮಾವನ ಸಹಾಯದಿಂದ. ಗಾಂಧಿ ಮಾತು ಕೇಳಿ ಖಾದಿ ಉಟ್ಟರು. ಅದಕ್ಕೆ ಬಿಳಿಯ ಪ್ರೊಫೆಸರಿಗೆ ಕೋಪ ಬಂತು. ದೊಡ್ಡ ಡಿಗ್ರಿ ತಪ್ಪಿಹೋಗಿ ಎಲ್.ಎಂ.ಎಸ್. ಎಂಬ ಸಣ್ಣ ಡಿಗ್ರಿ ಕೈಗೆ ಬಂತು.

ಆಗ ಅವರ ಕೈ ಹಿಡಿದದ್ದು ಕಾಕಿನಾಡದ ಮಲ್ಲಾಡಿ ಸತ್ಯಲಿಂಗ ನಾಯಕರ ಧರ್ಮಸಂಸ್ಥೆ. ಈ ನಾಯಕರು ಬರ್ಮಾ ದೇಶಕ್ಕೆ ಹೋಗಿ ದುಡಿದು, ಗಳಿಸಿದ್ದನ್ನು ಧರ್ಮಕ್ಕೆ ಬಿಟ್ಟವರು. ಆ ದುಡ್ಡೂ ಮಾವ ಕೊಟ್ಟ ದುಡ್ಡೂ ಸೇರಿಸಿಕೊಂಡು 1922ರಲ್ಲಿ ಸುಬ್ಬರಾಯರು ಅಮೆರಿಕದ ಬಾಸ್ಟನ್ ಊರಿಗೆ ಇಳಿದರು. ಅಲ್ಲಿ ಹೊಟ್ಟೆಪಾಡಿಗೆ ರಾತ್ರಿ ಹೊತ್ತು ಆಸ್ಪತ್ರೆಯಲ್ಲಿ ಚಾಕರಿ, ಹಗಲು ಓದು. 1925ರಲ್ಲಿ ಫಿಸ್ಕೆ ಎಂಬ ಗುರುಗಳ ಜೊತೆ ಸೇರಿ, ರಕ್ತದಲ್ಲಿ ರಂಜಕ ಎಷ್ಟಿದೆ ಅಂತ ಅಳೆಯುವ ವಿಧಾನವನ್ನು ಕಂಡುಹಿಡಿದರು. ಅದಕ್ಕೆ ಇವತ್ತಿಗೂ ಅವರಿಬ್ಬರದೇ ಹೆಸರು.

ಮುಂದೆ 1940ರಲ್ಲಿ ಲೆಡರ್ಲೆ ಎಂಬ ಔಷಧಿ ಕಂಪನಿಗೆ ಸೇರಿದರು. ಅಲ್ಲಿ ಅವರ ಕೈಕೆಳಗಿನವರು ಫೋಲಿಕ್ ಆಸಿಡ್ ಎಂಬ ಜೀವಸತ್ವವನ್ನು ತಯಾರು ಮಾಡಿದರು. ಒಡಹುಟ್ಟಿದವರನ್ನು ತಿಂದ ಆ ಸ್ಪ್ರೂ ರೋಗಕ್ಕೆ ಅದೇ ಮದ್ದಾಯಿತು. ಬಸುರಿ ಹೆಂಗಸರಿಗೆ ನಮ್ಮ ಊರ ನರ್ಸಮ್ಮ ಕಬ್ಬಿಣದ ಮಾತ್ರೆ ಕೊಡ್ತಾರಲ್ಲ, ಅದರ ಜೊತೆಗೆ ಇರೋದೂ ಇದೇ ಸತ್ವ.

ಈಗ ಕ್ಯಾನ್ಸರಿಗೆ ಬರೋಣ. ಬಾಸ್ಟನ್ನಿನಲ್ಲಿ ಸಿಡ್ನಿ ಫಾರ್ಬರ್ ಎಂಬ ಡಾಕ್ಟರು ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಮೊದಲು ಫೋಲಿಕ್ ಆಸಿಡ್ ಜಾತಿಯ ಮದ್ದನ್ನೇ ಕೊಟ್ಟು ನೋಡಿದರು. ರೋಗ ಇನ್ನೂ ಕೆರಳಿದ ಹಾಗೆ ಕಂಡಿತು. ಕಳೆಗೆ ಗೊಬ್ಬರ ಹಾಕಿದ ಹಾಗೆ! ಹಾಗಾದರೆ ಈ ಗೊಬ್ಬರ ಸಿಗದ ಹಾಗೆ ಮಾಡಿದರೆ ಕಳೆ ಸಾಯಬೇಕಲ್ಲ ಅಂತ ಯೋಚಿಸಿದರು. ಸುಬ್ಬರಾಯರ ಕಡೆಯವರು ನೋಡೋಕೆ ಥೇಟ್ ಫೋಲಿಕ್ ಆಸಿಡ್ಡಿನ ಹಾಗೇ ಇರೋ, ಒಳಗೆ ಸತ್ವ ಇಲ್ಲದ ಒಂದು ಮದ್ದು ಮಾಡಿಕೊಟ್ಟರು. ರೈತರಿಗೆ ಒಂದೇ ಮಾತಿನಲ್ಲಿ ಹೇಳಬೇಕಾದ್ರೆ ಅದು ಜೊಳ್ಳು. ಕ್ಯಾನ್ಸರಿನ ಕಣ ಕಾಳು ಅಂತ ತಿಳಿದು ಜೊಳ್ಳು ನುಂಗುತ್ತೆ, ಬೆಳೆಯೋಕೆ ಆಗದೆ ಸಾಯುತ್ತೆ. 1948ರಲ್ಲಿ ಫಾರ್ಬರ್ ಬರೆದ ವರದಿಯಲ್ಲಿ 16 ಮಕ್ಕಳಲ್ಲಿ 10 ಮಕ್ಕಳಿಗೆ ಗುಣ ಕಾಣಿಸಿತು. ಆ ಗುಣ ನಿಲ್ಲಲಿಲ್ಲ, ಕೆಲವು ತಿಂಗಳಲ್ಲಿ ರೋಗ ವಾಪಸು ಬಂತು. ಆದರೂ ಈ ರೋಗವನ್ನು ಮದ್ದಿನಿಂದ ಹಿಂದಕ್ಕೆ ತಳ್ಳಬಹುದು ಅಂತ ಲೋಕಕ್ಕೆ ತಿಳಿದದ್ದು ಆಗ. ಆ ಜೊಳ್ಳಿನ ತಮ್ಮನೇ ಮೆಥೊಟ್ರೆಕ್ಸೇಟ್, ನನ್ನ ಮೊಮ್ಮಗ ನುಂಗಿದ ಹಳದಿ ಮಾತ್ರೆ. ಈಗ ಅದನ್ನು ಬೇರೆ ನಾಲ್ಕಾರು ಮದ್ದಿನ ಜೊತೆ ಸೇರಿಸಿ ಎರಡು ಮೂರು ವರ್ಷ ಕೊಟ್ಟು ಮಕ್ಕಳನ್ನು ಉಳಿಸಿಕೊಳ್ತಾರೆ. ಸುಬ್ಬರಾಯರು ಅದೇ 1948ರಲ್ಲಿ, 53ನೇ ವಯಸ್ಸಿನಲ್ಲಿ, ಅಮೆರಿಕದಲ್ಲೇ ತೀರಿಕೊಂಡರು. ಹೋದವರು ಒಂದು ಸಾರಿಯೂ ಊರಿಗೆ ವಾಪಸು ಬರಲಿಲ್ಲ. ಈ ಮಾತು ನೆನಪಿನಲ್ಲಿಡಿ, ಕೊನೆಗೆ ಬೇಕಾಗುತ್ತೆ.

ಆ ಹೆಣ್ಣುಮಗಳು ಹೇಳಿದ ಇನ್ನೊಂದು ಕಥೆ ನಮ್ಮ ಕನ್ನಡ ಸೀಮೆಯದು. ಮೈಸೂರು ಸಂಸ್ಥಾನದಲ್ಲಿ ಎಚ್.ಜೆ. ಭಾಭಾ ಎಂಬ ಪಾರ್ಸಿಯವರು ವಿದ್ಯಾ ಇಲಾಖೆಯ ದೊಡ್ಡ ಅಧಿಕಾರಿಯಾಗಿದ್ದರು. ಅವರ ಮಗಳು ಮೆಹರ್‌ಬಾಯಿ, 1879ರಲ್ಲಿ ಹುಟ್ಟಿದವರು. ಬೆಳೆದದ್ದು, ಓದಿದ್ದು ಬೆಂಗಳೂರು ಮೈಸೂರಿನಲ್ಲಿ. ಜಮ್ಷೆಡ್‌ಜಿ ಟಾಟಾ ಮೈಸೂರಿಗೆ ಬಂದಾಗ ಈ ಮನೆತನವನ್ನು ಮೆಚ್ಚಿಕೊಂಡು ತಮ್ಮ ಮಗ ದೊರಾಬ್‌ಜಿಗೆ ಹೆಣ್ಣು ತಂದರು. 1898ರಲ್ಲಿ ಮದುವೆ. 1931ರಲ್ಲಿ ಆ ತಾಯಿ ರಕ್ತದ ಕ್ಯಾನ್ಸರಿನಿಂದ ಸತ್ತರು. ಮಕ್ಕಳಿರಲಿಲ್ಲ. ದೊರಾಬ್‌ಜಿಯವರು ಏನು ಮಾಡಿದರು? 1932ರಲ್ಲಿ ಹೆಂಡತಿಯ ಹೆಸರಿನಲ್ಲಿ ಲೇಡಿ ಟಾಟಾ ಸ್ಮಾರಕ ಟ್ರಸ್ಟ್ ಮಾಡಿದರು. ಅದರ ಆದಾಯವನ್ನು ಐದು ಪಾಲು ಮಾಡಿ, ನಾಲ್ಕು ಪಾಲು ಲೋಕದ ಯಾವ ದೇಶದವರೇ ಆಗಲಿ ರಕ್ತದ ಕ್ಯಾನ್ಸರಿನ ಬಗ್ಗೆ ಸಂಶೋಧನೆ ಮಾಡೋರಿಗೆ, ಒಂದು ಪಾಲು ನಮ್ಮ ದೇಶದಲ್ಲಿ ಮನುಷ್ಯರ ರೋಗಗಳ ಬಗ್ಗೆ ಸಂಶೋಧನೆ ಮಾಡೋರಿಗೆ ಅಂತ ಬರೆದಿಟ್ಟರು. ಆ ವರ್ಷವೇ ಅವರೂ ತೀರಿಕೊಂಡರು. ತಮ್ಮ ಆಸ್ತಿಯನ್ನೆಲ್ಲ ಇನ್ನೊಂದು ಟ್ರಸ್ಟಿಗೆ ಬಿಟ್ಟಿದ್ದರು. ಅದರಿಂದ 1941ರಲ್ಲಿ ಬೊಂಬಾಯಿಯ ಟಾಟಾ ಸ್ಮಾರಕ ಆಸ್ಪತ್ರೆ ಎದ್ದಿತು.

ಆಸ್ಪತ್ರೆ ಎಲ್ಲರ ಕಣ್ಣಿಗೆ ಕಾಣುತ್ತೆ. ಎಲ್ಲೋ ಒಂದು ಕೋಣೆಯಲ್ಲಿ ಕೂತು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟ ಹುಡುಗನ ಊಟದ ಖರ್ಚು ಯಾರ ಕಣ್ಣಿಗೂ ಕಾಣೋದಿಲ್ಲ. ಎರಡೂ ಬೇಕು. ದೊರಾಬ್‌ಜಿ ಎರಡಕ್ಕೂ ಕೊಟ್ಟರು. ಲೇಡಿ ಟಾಟಾ ಟ್ರಸ್ಟ್ ಇವತ್ತಿಗೂ ಇದೆ, ಕಲಿಯೋರಿಗೆ ವಿದ್ಯಾರ್ಥಿವೇತನ ಕೊಡ್ತಾ ಇದೆ.

ಮೂರನೆಯದು ನಮ್ಮ ತಮಿಳುನಾಡಿನದೇ. ಸೇಲಂ ಜಿಲ್ಲೆಯೂ ನಮ್ಮ ಧರ್ಮಪುರಿಯೂ ಒಂದೇ ಆಗಿದ್ದ ಮದ್ರಾಸು ಪ್ರಾಂತ್ಯದ ಕಾಲ. ಆ ಪ್ರಾಂತ್ಯದ ಶಾಸನಸಭೆಗೆ 1927ರಲ್ಲಿ ಮೊದಲ ಹೆಂಗಸಾಗಿ ಹೋದವರು ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿ. 1923ರಲ್ಲಿ ತಂಗಿ ಕ್ಯಾನ್ಸರಿನಿಂದ ಸತ್ತದ್ದನ್ನು ಕಣ್ಣಾರೆ ಕಂಡವರು. ಹೆಂಗಸರ ಸಂಘದಿಂದ ಚಂದಾ ಎತ್ತಿ 1954ರಲ್ಲಿ ಅಡ್ಯಾರಿನಲ್ಲಿ 12 ಹಾಸಿಗೆಯ ಕ್ಯಾನ್ಸರ್ ಆಸ್ಪತ್ರೆ ಶುರು ಮಾಡಿದರು. ಮರುವರ್ಷ ಅಲ್ಲಿಗೆ ಬಂದ ಹುಡುಗಿ ಡಾಕ್ಟರ್ ವಿ. ಶಾಂತಾ, 28 ವರ್ಷ. ಕೈಗೆ ಬಂದಿದ್ದ ಸರ್ಕಾರಿ ಕೆಲಸ ಬಿಟ್ಟು ಬಂದರು. ಮೊದಲ ಮೂರು ವರ್ಷ ಸಂಬಳವೇ ಇಲ್ಲ. ಆಮೇಲೆ ತಿಂಗಳಿಗೆ 200 ರೂಪಾಯಿ, ಇರೋಕೆ ಅಲ್ಲೇ ಒಂದು ಮನೆ. 2021ರಲ್ಲಿ ತೀರಿಕೊಳ್ಳೋವರೆಗೂ ಆ ಜಾಗ ಬಿಡಲಿಲ್ಲ. ಅದೇ ಆಸ್ಪತ್ರೆ ಈಗ ದೊಡ್ಡ ಸಂಶೋಧನಾ ಕೇಂದ್ರ. ಮುತ್ತುಲಕ್ಷ್ಮಿಯವರಿಗೆ ಚಂದಾ ಕೊಟ್ಟ ಯಾವ ಹೆಂಗಸಿಗೆ ಗೊತ್ತಿತ್ತು, ತನ್ನ ಕಾಸು ಯಾವ ಹುಡುಗಿಯ ಅನ್ನವಾಗುತ್ತೆ ಅಂತ?

ನನಗೆ ಏಳನೇ ಕ್ಲಾಸಿನವರೆಗೆ ಪಾಠ ಹೇಳಿದ ಮೇಷ್ಟ್ರು ವಾರಾನ್ನ ಉಂಡು ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. "ಏಳು ಮನೆಯ ಅನ್ನ ನಿನ್ನ ಬಾಯಲ್ಲಿ ಅಕ್ಷರವಾಗಿ ಬರ್ತಾ ಇದೆ ಕಣೋ" ಅನ್ನೋರು. ಈ ಟ್ರಸ್ಟು, ವಿದ್ಯಾರ್ಥಿವೇತನ ಎಲ್ಲ ಅದೇ ವಾರಾನ್ನ. ಮನೆ ದೊಡ್ಡದು, ದೂರದ್ದು, ಅಷ್ಟೇ.

ಇನ್ನು ನಮ್ಮ ಊರಿನ ಮಾತು. ಹೋದ ವರ್ಷ ಮಾರಮ್ಮನ ಹಬ್ಬಕ್ಕೆ ಸುತ್ತಿನ ಊರುಗಳಲ್ಲಿ ಹಾಡಿ ನಮ್ಮ ಮೇಳದ ಒಂಬತ್ತು ಜನ 23,000 ರೂಪಾಯಿ ಕೂಡಿಟ್ಟೆವು. ಊರಬಾಗಿಲಿಗೆ ಕಮಾನು ಕಟ್ಟಿಸಿ ಮೇಳದ ಹೆಸರು ಹಾಕಿಸೋದು ಅಂತ ಮಾತಾಗಿತ್ತು. ನಿಜ ಹೇಳ್ತೀನಿ, ಹೆಸರಿನ ಆಸೆ ನನಗೂ ಇತ್ತು. ಅಷ್ಟರಲ್ಲಿ ನಮ್ಮ ಬೀದಿಯ ಕೂಲಿಯವರ ಮಗಳಿಗೆ ಸೇಲಂನಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತು, ಜೀವಶಾಸ್ತ್ರ. ಹಾಸ್ಟೆಲಿಗೆ ಕಟ್ಟೋಕೆ ದುಡ್ಡಿಲ್ಲ. ಮೇಳದ ದುಡ್ಡು ಆ ಹುಡುಗಿಗೆ ಕೊಡೋಣ ಅಂದೆ. ಜಗಳವೇ ಆಯಿತು. "ನಾಳೆ ಮದುವೆಯಾಗಿ ಬೇರೆ ಊರಿಗೆ ಹೋಗೋಳಿಗೆ ಕೊಟ್ಟರೆ ನಮ್ಮ ಊರಿಗೆ ಏನು ಬಂತು?" ಅಂತ ನನಗಿಂತ ಹಿರಿಯರೊಬ್ಬರು ಕೇಳಿದರು.

ಆಗ ನಾನು ಸುಬ್ಬರಾಯರ ಕಥೆ ಹೇಳಿದೆ. ಕಾಕಿನಾಡದವರು ದುಡ್ಡು ಕೊಟ್ಟು ಕಳಿಸಿದರು. ಆತ ವಾಪಸು ಬರಲೇ ಇಲ್ಲ. ಆದರೆ ಆತ ಮಾಡಿದ ಮದ್ದು ಬಂತು. ಕಾಕಿನಾಡಕ್ಕೆ ಮಾತ್ರ ಅಲ್ಲ, ಆ ಊರಿನ ಹೆಸರೇ ಕೇಳದ ನಮ್ಮ ಬೀದಿಗೂ, ನನ್ನ ಮೊಮ್ಮಗನ ನಾಲಿಗೆ ಮೇಲಕ್ಕೂ ಬಂತು. ಅದಕ್ಕೆ ನಾನು ಕಾಕಿನಾಡದವರಿಗೆ ಏನು ಕೊಟ್ಟಿದ್ದೆ?

ಅಲ್ಲಿದ್ದವರಿಗೆಲ್ಲ ಆ ಮಗು ಗೊತ್ತು. ಕೂದಲು ಉದುರಿದ್ದನ್ನೂ ನೋಡಿದ್ದಾರೆ, ಈಗ ಆರನೇ ಕ್ಲಾಸಿಗೆ ಸೈಕಲ್ ತುಳಿಯೋದನ್ನೂ ನೋಡ್ತಾರೆ. ಆರು ಜನ ಒಪ್ಪಿದರು, ಮೂರು ಜನ ಒಪ್ಪಲಿಲ್ಲ. ದುಡ್ಡು ಹುಡುಗಿಯ ಹಾಸ್ಟೆಲಿಗೆ ಹೋಯಿತು. ಕಮಾನು ಇನ್ನೂ ಆಗಿಲ್ಲ.

ಆ ಹುಡುಗಿ ಕ್ಯಾನ್ಸರಿಗೆ ಮದ್ದು ಹುಡುಕ್ತಾಳೆ ಅಂತ ನಾನು ಹೇಳೋದಿಲ್ಲ. ಯಾವುದೋ ಸ್ಕೂಲಿನ ಟೀಚರಮ್ಮ ಆದರೂ ಸಂತೋಷ. ರಾಗಿ ಬಿತ್ತುವಾಗ ಕಾಳು ಕಾಳಿಗೂ "ನೀನು ಮೊಳೀತೀಯಾ?" ಅಂತ ಕೇಳಿ ಬಿತ್ತೋರು ಉಂಟೇ? ಹದ ನೋಡಿ ಬಿತ್ತಬೇಕು, ಅಷ್ಟೇ ನಮ್ಮ ಕೆಲಸ. ಇವತ್ತು ಬಿತ್ತದೆ ಇದ್ದರೆ ಮುಂದೆ ಯಾವನೋ ತಾತ ತನ್ನ ಮೊಮ್ಮಗನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದಾಗ ಅಲ್ಲಿ ಕೊಡೋಕೆ ಏನೂ ಇರೋದಿಲ್ಲ.

ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಕ್ಲಾಸಿನಲ್ಲಿ ಓದೋ ಆಸೆ ಇದ್ದು ಕೈ ಸಾಗದ ಮಕ್ಕಳು ಯಾರು ಅಂತ ನಿಮಗೆ ಗೊತ್ತಿರುತ್ತೆ. ಓದುವ ಮನೆಯಲ್ಲಿ ಒಂದು ನೋಟುಬುಕ್ಕು ಇಟ್ಟಿದ್ದೀವಿ, ಬಂದು ಬರೆಸಿ. ಈ ವರ್ಷದ ಹಬ್ಬಕ್ಕೂ ನಾವು ಹಾಡ್ತೀವಿ. ಬಂದ ಕಾಸು ಎಷ್ಟು ಅಂತ ಅದೇ ಬುಕ್ಕಿನಲ್ಲಿ ಬರೀತೀವಿ.