ಸರ್ಕಾರಿ ಸಂಸ್ಥೆಗಳಿಂದ ಸಣ್ಣ ಕಾಮಗಾರಿಗಳ ನೇರ ನಿರ್ವಹಣೆ

ಸಣ್ಣ ಕಾಮಗಾರಿಗಳ ನೇರ ನಿರ್ವಹಣೆ ಎಂದರೆ ನಿರ್ದಿಷ್ಟ ಮೊತ್ತದೊಳಗಿನ ಕಟ್ಟಡ, ರಸ್ತೆ, ಚರಂಡಿ, ದುರಸ್ತಿ ಮೊದಲಾದ ಕೆಲಸಗಳನ್ನು ಲೋಕೋಪಯೋಗಿ ಇಲಾಖೆಗೆ ಒಪ್ಪಿಸದೆ, ಕೆಲವು ಸಂದರ್ಭಗಳಲ್ಲಿ ಟೆಂಡರನ್ನೂ ಕರೆಯದೆ, ತಾವೇ ನಡೆಸಲು ಸರ್ಕಾರದ ಇತರ ಇಲಾಖೆ, ನಿಗಮ ಅಥವಾ ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರ ಕೊಡುವ ವ್ಯವಸ್ಥೆ. ಕೆಲವು ದೇಶಗಳಲ್ಲಿ ಈ ಅಧಿಕಾರವನ್ನು ಸಂಸ್ಥೆಯ ಸಾಮರ್ಥ್ಯವನ್ನು ಪರೀಕ್ಷಿಸಿ ಮಾನ್ಯತೆಯ ರೂಪದಲ್ಲಿ ನೀಡಲಾಗುತ್ತದೆ. ಕರ್ನಾಟಕದಲ್ಲಿ ಅದು ಕಾನೂನಿನ ವಿನಾಯಿತಿ ಮತ್ತು ಸರ್ಕಾರಿ ಅಧಿಸೂಚನೆಗಳ ಮೂಲಕ ದೊರೆಯುತ್ತದೆ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ ತಾಲ್ಲೂಕಿನ ನೇಸರಗಿಯಂತಹ ಗ್ರಾಮದಲ್ಲಿ ಅಂಗನವಾಡಿ ಕೊಠಡಿ, ಸಿಡಿ (ಕಿರುಸೇತುವೆ), ಸಮುದಾಯ ಭವನ, ಶಾಲೆಯ ಛಾವಣಿ ದುರಸ್ತಿ ಮುಂತಾದ ಕೆಲಸಗಳು ಬಹುಮಟ್ಟಿಗೆ ಈ ವರ್ಗಕ್ಕೆ ಸೇರುತ್ತವೆ.

ಹಿನ್ನೆಲೆ

ಇಂದಿನ ಬೆಳಗಾವಿ ಜಿಲ್ಲೆ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ಆಡಳಿತಕ್ಕೆ ಒಳಪಟ್ಟಿತ್ತು. ಹೆದ್ದಾರಿ, ಸರ್ಕಾರಿ ಕಟ್ಟಡಗಳಂಥ ದೊಡ್ಡ ಕೆಲಸಗಳು ಲೋಕೋಪಯೋಗಿ ಇಲಾಖೆಯ ವಶದಲ್ಲಿದ್ದರೆ, ಹಳ್ಳಿಯ ದಾರಿ, ಬಾವಿ, ಧರ್ಮಶಾಲೆ, ಶಾಲೆಗಳ ಹೊಣೆಯನ್ನು 1869ರ ಕಾಯ್ದೆಯಡಿ ಸ್ಥಳೀಯ ನಿಧಿ ಸಮಿತಿಗಳೂ, 1884ರ ಮುಂಬಯಿ ಲೋಕಲ್ ಬೋರ್ಡ್ ಕಾಯ್ದೆಯ ನಂತರ ಜಿಲ್ಲಾ ಮತ್ತು ತಾಲ್ಲೂಕು ಲೋಕಲ್ ಬೋರ್ಡುಗಳೂ ಹೊತ್ತವು. ಏಕೀಕರಣದ ನಂತರ 1959ರ ಮೈಸೂರು ಗ್ರಾಮ ಪಂಚಾಯಿತಿ ಮತ್ತು ಲೋಕಲ್ ಬೋರ್ಡ್ ಕಾಯ್ದೆ, ಅನಂತರ 1983ರ ಮತ್ತು 1993ರ ಪಂಚಾಯತ್ ರಾಜ್ ಕಾಯ್ದೆಗಳು ಇದೇ ಹಂಚಿಕೆಯನ್ನು ಬೇರೆ ಬೇರೆ ಹೆಸರುಗಳಲ್ಲಿ ಮುಂದುವರಿಸಿದವು. ಪಂಚಾಯತ್ ರಾಜ್ ಎಂಜಿನಿಯರಿಂಗ್ ಇಲಾಖೆ ಲೋಕೋಪಯೋಗಿ ಇಲಾಖೆಯಿಂದ ಬೇರೆಯಾಗಿ ತಾಲ್ಲೂಕು ಮಟ್ಟದ ಉಪವಿಭಾಗಗಳನ್ನು ಹೊಂದಿರುವುದು ಈ ಹಂಚಿಕೆಯ ಫಲ.

ಭೂಸೇನೆ

ರಾಜ್ಯದಲ್ಲಿ ನೇರ ನಿರ್ವಹಣೆಯ ಅತ್ಯಂತ ದೊಡ್ಡ ಉದಾಹರಣೆ ಕರ್ನಾಟಕ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಯಮಿತ (ಕೆ.ಆರ್.ಐ.ಡಿ.ಎಲ್.). 1971ರಲ್ಲಿ ಭೂಸೇನಾ ನಿರ್ದೇಶನಾಲಯವಾಗಿ ಆರಂಭವಾದ ಇದು 1974ರಲ್ಲಿ ಕರ್ನಾಟಕ ಭೂಸೇನಾ ನಿಗಮವೆಂಬ ಕಂಪನಿಯಾಯಿತು. 2009ರಲ್ಲಿ ಈಗಿನ ಹೆಸರು ಪಡೆಯಿತು. ಹೆಸರು ಬದಲಾಗಿ ವರ್ಷಗಳು ಕಳೆದರೂ ಹಳ್ಳಿಗಳಲ್ಲಿ ಜನ ಇದನ್ನು ‘ಭೂಸೇನೆ’, ‘ಲ್ಯಾಂಡ್ ಆರ್ಮಿ’ ಎಂದೇ ಕರೆಯುವುದುಂಟು. ಗುತ್ತಿಗೆದಾರರನ್ನು ಹೊರಗಿಟ್ಟು, ಸಾಮಗ್ರಿಯನ್ನು ಸಂಸ್ಥೆಯೇ ಕೊಂಡು, ಗ್ರಾಮೀಣ ನಿರುದ್ಯೋಗಿಗಳಿಗೆ ನೇರವಾಗಿ ಕೂಲಿ ಕೊಟ್ಟು ಕೆಲಸ ಮಾಡಿಸುವುದು ಅದರ ಮೂಲ ಉದ್ದೇಶ. ಗುತ್ತಿಗೆದಾರನ ಲಾಭದ ಪಾಲು ಉಳಿಯುತ್ತದೆ, ಕೂಲಿ ಊರಿನಲ್ಲೇ ಉಳಿಯುತ್ತದೆ ಎಂಬುದು ಇದರ ಹಿಂದಿನ ಲೆಕ್ಕಾಚಾರ. ಕೆಲಸ ವಹಿಸುವ ಇಲಾಖೆಯು ಹಣವನ್ನು ಮುಂಗಡವಾಗಿ ನಿಗಮಕ್ಕೆ ಬಿಡುಗಡೆ ಮಾಡುತ್ತದೆ. ನಿಗಮವು ಸೇವಾ ಶುಲ್ಕ ಪಡೆಯುತ್ತದೆ.

ಇದೇ ಮಾದರಿಯ ಇನ್ನೊಂದು ಸಂಸ್ಥೆ ನಿರ್ಮಿತಿ ಕೇಂದ್ರ. ಕಡಿಮೆ ವೆಚ್ಚದ, ಸ್ಥಳೀಯ ಸಾಮಗ್ರಿ ಬಳಸುವ ನಿರ್ಮಾಣ ತಂತ್ರವನ್ನು ಹರಡುವ ಉದ್ದೇಶದಿಂದ 1980ರ ದಶಕದಲ್ಲಿ ಕೇರಳದ ಕೊಲ್ಲಂನಲ್ಲಿ ಮೊದಲ ಕೇಂದ್ರ ಹುಟ್ಟಿತು. ನಂತರ ಕೇಂದ್ರ ಸರ್ಕಾರ ಮತ್ತು ಹುಡ್ಕೊ ನೆರವಿನಿಂದ ದೇಶದಾದ್ಯಂತ ಹರಡಿತು. ಕರ್ನಾಟಕದ ಜಿಲ್ಲೆಗಳಲ್ಲಿ ಇವು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ನೋಂದಾಯಿತ ಸಂಘಗಳು. ತರಬೇತಿ ಮತ್ತು ತಂತ್ರಜ್ಞಾನ ಪ್ರಸಾರಕ್ಕಾಗಿ ಹುಟ್ಟಿದ ಸಂಸ್ಥೆ ಕಾಲಕ್ರಮೇಣ ಸರ್ಕಾರಿ ಕಟ್ಟಡಗಳ ನಿರ್ಮಾಣ ಏಜೆನ್ಸಿಯಾಗಿಯೇ ಹೆಚ್ಚು ಪರಿಚಿತವಾಯಿತು.

ಕಾನೂನು

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 (ಕೆ.ಟಿ.ಪಿ.ಪಿ. ಕಾಯ್ದೆ) ಸರ್ಕಾರಿ ಕಾಮಗಾರಿಗಳಿಗೆ ಟೆಂಡರನ್ನು ಕಡ್ಡಾಯಗೊಳಿಸಿತು. ಕಲಂ 4 ಅಪವಾದಗಳನ್ನು ಹೇಳುತ್ತದೆ. ನೈಸರ್ಗಿಕ ವಿಕೋಪ ಅಥವಾ ತುರ್ತು ಪರಿಸ್ಥಿತಿ ಅವುಗಳಲ್ಲೊಂದು; 2019ರ ಮಲಪ್ರಭಾ ಪ್ರವಾಹದಿಂದ ರಾಮದುರ್ಗ, ಸವದತ್ತಿ ತಾಲ್ಲೂಕುಗಳಲ್ಲಿ ಆದಂತಹ ಹಾನಿ ಇಂಥ ಅಪವಾದದ ಅಗತ್ಯವನ್ನು ತೋರಿಸುತ್ತದೆ. 5 ಲಕ್ಷ ರೂಪಾಯಿ ಮೀರದ ನಿರ್ಮಾಣ ಕೆಲಸಗಳಿಗೆ ಇನ್ನೊಂದು ವಿನಾಯಿತಿ ಇದೆ. ಹೆಚ್ಚು ಚರ್ಚೆಗೆ ಒಳಗಾದದ್ದು ಕಲಂ 4(ಜಿ). ಇದರಡಿ ನಿರ್ದಿಷ್ಟ ಸಂಗ್ರಹಣೆಗಳಿಗೆ ಸರ್ಕಾರ ಅಧಿಸೂಚನೆಯ ಮೂಲಕ ವಿನಾಯಿತಿ ನೀಡಬಹುದು. ಭೂಸೇನೆ ಮತ್ತು ನಿರ್ಮಿತಿ ಕೇಂದ್ರಗಳಿಗೆ ಟೆಂಡರಿಲ್ಲದೆ ಕೆಲಸ ವಹಿಸುವಾಗ ಸಾಮಾನ್ಯವಾಗಿ ಬಳಕೆಯಾಗುವ ದಾರಿ ಇದೇ.

ಕೇಂದ್ರ ಸರ್ಕಾರದ ಕಚೇರಿಗಳಿಗೆ 2017ರ ಸಾಮಾನ್ಯ ಹಣಕಾಸು ನಿಯಮಗಳು ಅನ್ವಯಿಸುತ್ತವೆ. ನಿಯಮ 133ರಂತೆ ನಿಗದಿತ ಮೊತ್ತದವರೆಗಿನ (2017ರಲ್ಲಿ 30 ಲಕ್ಷ ರೂಪಾಯಿ) ದುರಸ್ತಿ ಕೆಲಸವನ್ನು ಸಚಿವಾಲಯ ಅಥವಾ ಇಲಾಖೆ ತಾನೇ ಮಾಡಿಸಬಹುದು. ಅದಕ್ಕಿಂತ ಹೆಚ್ಚಿನದನ್ನು, ಹಾಗೂ ಹೊಸ ನಿರ್ಮಾಣವನ್ನು, ಕೇಂದ್ರ ಅಥವಾ ರಾಜ್ಯ ಲೋಕೋಪಯೋಗಿ ಇಲಾಖೆಯಂಥ ನಿರ್ಮಾಣ ಸಂಸ್ಥೆಗೆ ವಹಿಸಬಹುದು.

ಗ್ರಾಮ ಮಟ್ಟದಲ್ಲಿ

ಗ್ರಾಮ ಪಂಚಾಯಿತಿಗೆ ಹಣಕಾಸು ಆಯೋಗದ ಅನುದಾನದಿಂದ ಬರುವ ಸಣ್ಣ ಕೆಲಸವೂ ಹಲವು ಹಂತಗಳನ್ನು ದಾಟಬೇಕು. ಕ್ರಿಯಾಯೋಜನೆಯಲ್ಲಿ ಸೇರಿದ ನಂತರ ಎಂಜಿನಿಯರ್ ದರಪಟ್ಟಿಯ ಆಧಾರದ ಮೇಲೆ ಅಂದಾಜು ಪಟ್ಟಿ ತಯಾರಿಸುತ್ತಾರೆ. ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಕಾರ್ಯಾದೇಶಗಳ ನಂತರ ಕೆಲಸ ನಡೆಯುತ್ತದೆ. ಆದ ಕೆಲಸವನ್ನು ಅಳತೆ ಪುಸ್ತಕದಲ್ಲಿ ದಾಖಲಿಸಿದ ಮೇಲೆಯೇ ಬಿಲ್ಲು ಪಾವತಿಯಾಗಬೇಕು. ಪಂಚಾಯಿತಿಗೆ ಹಣದ ಅಧಿಕಾರವಿದ್ದರೂ ತನ್ನದೇ ಎಂಜಿನಿಯರ್ ಇಲ್ಲದಿರುವುದು ಇಲ್ಲಿನ ತೊಡಕು. ತಾಂತ್ರಿಕ ಮಂಜೂರಾತಿಗೂ ಅಳತೆಗೂ ಅದು ತಾಲ್ಲೂಕು ಕೇಂದ್ರದ ಕಡೆ ನೋಡಬೇಕು.

ತಾಂತ್ರಿಕ ನೋಟವನ್ನು ಬಿಟ್ಟುಬಿಡುವಂತೆಯೂ ಇಲ್ಲ. ಬೈಲಹೊಂಗಲ, ಸವದತ್ತಿ ಭಾಗದಲ್ಲಿ ಎರೆಭೂಮಿ ವ್ಯಾಪಕವಾಗಿದೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗಿ ಬಿರಿಯುವುದರಿಂದ, ಅಡಿಪಾಯವನ್ನು ಗಟ್ಟಿ ನೆಲದವರೆಗೆ ಇಳಿಸದ ಅಥವಾ ಗರಸು ತುಂಬದ ಒಂದೇ ಕೊಠಡಿಯ ಕಟ್ಟಡದ ಗೋಡೆಯೂ ಕೆಲವೇ ವರ್ಷಗಳಲ್ಲಿ ಸೀಳಬಹುದು. ಮೊತ್ತ ಸಣ್ಣದಾದರೆ ಎಂಜಿನಿಯರಿಂಗ್ ಸಮಸ್ಯೆಯೂ ಸಣ್ಣದು ಎಂಬ ಊಹೆ ಇಲ್ಲಿ ನಿಲ್ಲದು.

ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ, 2005 ಗುತ್ತಿಗೆದಾರರನ್ನು ಸಂಪೂರ್ಣವಾಗಿ ನಿಷೇಧಿಸಿತು, ವೆಚ್ಚದ ಲೆಕ್ಕದಲ್ಲಿ ಕನಿಷ್ಠ ಅರ್ಧದಷ್ಟು ಕೆಲಸಗಳನ್ನು ಗ್ರಾಮ ಪಂಚಾಯಿತಿಯ ಮೂಲಕವೇ ನಡೆಸಬೇಕೆಂದು ವಿಧಿಸಿತು ಮತ್ತು ಸಾಮಾಜಿಕ ಲೆಕ್ಕ ಪರಿಶೋಧನೆಯನ್ನು ಕಡ್ಡಾಯ ಮಾಡಿತು. ಸರ್ವ ಶಿಕ್ಷಾ ಅಭಿಯಾನದಲ್ಲಿ ಶಾಲಾ ಕೊಠಡಿಗಳ ನಿರ್ಮಾಣವನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿಗೆ ವಹಿಸಲಾಗಿತ್ತು. ಮಕ್ಕಳ ಪಾಲಕರೇ ಕಾವಲಿರುವ ಕೆಲಸದಲ್ಲಿ ಸಿಮೆಂಟು ಸೋರಿಕೆ ಕಡಿಮೆ ಎಂಬ ನಂಬಿಕೆ ಇದರ ಹಿಂದಿತ್ತು. ಆದರೆ ಪಾಠ ಮಾಡಬೇಕಾದ ಮುಖ್ಯೋಪಾಧ್ಯಾಯರು ಮರಳು, ಕಬ್ಬಿಣದ ಲೆಕ್ಕ ಬರೆಯಬೇಕಾಯಿತು ಎಂಬ ಆಕ್ಷೇಪವೂ ಕೇಳಿಬಂತು.

ಇತರ ದೇಶಗಳಲ್ಲಿ

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ನಿರ್ಮಾಣ ಸಂಗ್ರಹಣೆಗಾಗಿಯೇ ಸರ್ಕಾರಿ ಸಂಸ್ಥೆಗಳ ಮಾನ್ಯತಾ ಯೋಜನೆ ಇದೆ. ಮಾನ್ಯತೆ ಇಲ್ಲದ ಸಂಸ್ಥೆ ನಿಗದಿತ ಮೊತ್ತ ಮೀರಿದ ಕೆಲಸಕ್ಕೆ ಮಾನ್ಯತೆ ಪಡೆದ ಸಂಸ್ಥೆಯ ನೆರವು ಪಡೆಯಬೇಕು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಕ್ಕೂಟದ ಹಣದ ರಸ್ತೆ ಕಾಮಗಾರಿಗಳನ್ನು ತಾವೇ ನಿರ್ವಹಿಸಬಯಸುವ ನಗರ, ಕೌಂಟಿಗಳು ರಾಜ್ಯ ಸಾರಿಗೆ ಇಲಾಖೆಯಿಂದ ಪ್ರಮಾಣೀಕರಣ ಪಡೆಯುತ್ತವೆ. ಇಂಥ ಪದ್ಧತಿಯಲ್ಲಿ ಸಂಸ್ಥೆಗೆ ನುರಿತ ಸಿಬ್ಬಂದಿ ಇದ್ದಾರೆಯೇ ಎಂಬುದು ಮೊದಲ ಪ್ರಶ್ನೆ. 4(ಜಿ) ವಿನಾಯಿತಿಯು ಟೆಂಡರಿನಿಂದ ಬಿಡುಗಡೆ ನೀಡುತ್ತದೆಯೇ ಹೊರತು ಸಾಮರ್ಥ್ಯಕ್ಕೆ ಪ್ರಮಾಣಪತ್ರವಲ್ಲ.

ಟೀಕೆಗಳು

ಟೆಂಡರಿಲ್ಲದೆ ಭೂಸೇನೆ ಮತ್ತು ನಿರ್ಮಿತಿ ಕೇಂದ್ರಗಳಿಗೆ ಕೆಲಸ ವಹಿಸುವುದನ್ನು ಭಾರತದ ಲೆಕ್ಕನಿಯಂತ್ರಕರು ಮತ್ತು ಮಹಾಲೆಕ್ಕ ಪರಿಶೋಧಕರ (ಸಿ.ಎ.ಜಿ.) ವರದಿಗಳು ಪ್ರಶ್ನಿಸಿವೆ. ಗುತ್ತಿಗೆದಾರರನ್ನು ದೂರವಿಡಲೆಂದು ಹುಟ್ಟಿದ ಸಂಸ್ಥೆಯ ಕೆಲಸವೇ ಅನಧಿಕೃತ ಉಪಗುತ್ತಿಗೆಯ ಮೂಲಕ ನಡೆದರೆ ವಿನಾಯಿತಿಯ ಆಧಾರವೇ ಕುಸಿಯುತ್ತದೆ: ಆಗ ಸ್ಪರ್ಧೆಯೂ ಇರದು, ಗುತ್ತಿಗೆದಾರನ ಲಾಭವೂ ಉಳಿಯದು. ಮಿತಿಯೊಳಗೆ ತರಲು ಒಂದೇ ಕೆಲಸವನ್ನು ತುಂಡರಿಸಿ ಹಲವು ಅಂದಾಜು ಪಟ್ಟಿ ಮಾಡುವುದು ನಿಯಮಬಾಹಿರ. ಒಂದೇ ರಸ್ತೆಗೆ ‘ಇಂಥವರ ಮನೆಯಿಂದ ಇಂಥವರ ಮನೆವರೆಗೆ’ ಎಂಬ ಸಾಲು ಸಾಲು ಕಾಮಗಾರಿಗಳು ಕಂಡಾಗ ಲೆಕ್ಕ ಪರಿಶೋಧಕರ ಗಮನ ಮೊದಲು ಹೋಗುವುದು ಅಲ್ಲಿಗೆ.

ಮತ್ತೊಂದು ಆಕ್ಷೇಪ ಸಾಮಾಜಿಕ ನ್ಯಾಯಕ್ಕೆ ಸಂಬಂಧಿಸಿದ್ದು. ಕೆ.ಟಿ.ಪಿ.ಪಿ. ಕಾಯ್ದೆಗೆ ಮಾಡಿದ ತಿದ್ದುಪಡಿಯು 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇ. 17.15, ಪರಿಶಿಷ್ಟ ಪಂಗಡದವರಿಗೆ ಶೇ. 6.95 ಮೀಸಲಾತಿ ಕಲ್ಪಿಸಿತು. 2023ರಲ್ಲಿ ಮೊತ್ತದ ಮಿತಿಯನ್ನು 1 ಕೋಟಿಗೆ ಏರಿಸಲಾಯಿತು. ಸಣ್ಣ ಕೆಲಸಗಳು ಟೆಂಡರಿನಿಂದ ಹೊರಗೆ ಹೋದಷ್ಟೂ ಈ ಮೀಸಲಾತಿಗೆ ಸಿಗುವ ಕೆಲಸಗಳ ಪ್ರಮಾಣ ಕುಗ್ಗುತ್ತದೆ ಎಂಬುದು ಸಣ್ಣ ಗುತ್ತಿಗೆದಾರರ ಪರವಾದ ವಾದ. ನೇರ ನಿರ್ವಹಣೆಯ ಪರವಾಗಿರುವವರು ಸಣ್ಣ ಮೊತ್ತದ, ದೂರದ ಹಳ್ಳಿಯ ಕೆಲಸಕ್ಕೆ ಹಲವು ಬಾರಿ ಬಿಡ್ಡುದಾರರೇ ಸಿಗುವುದಿಲ್ಲವೆಂದೂ, ಮರುಟೆಂಡರಿನಲ್ಲಿ ಆರ್ಥಿಕ ವರ್ಷವೇ ಮುಗಿದು ಅನುದಾನ ಮರಳಿ ಹೋಗುತ್ತದೆಂದೂ ಹೇಳುತ್ತಾರೆ.

ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕ ಮತ್ತು ಬಿಲ್ಲುಗಳ ನಕಲನ್ನು ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿ ಯಾವುದೇ ನಾಗರಿಕರು ಪಡೆಯಬಹುದು. ಟೆಂಡರಿಲ್ಲದೆ ಸರ್ಕಾರಿ ನಿಗಮಗಳು ನಡೆಸಿದ ಕೆಲಸಗಳಿಗೂ ಇದು ಅನ್ವಯಿಸುತ್ತದೆ.