ಕಾರವಾರದ ಕಡಲತೀರಗಳು

ಕಾರವಾರದ ಕಡಲತೀರಗಳು ಕರ್ನಾಟಕದ ಉತ್ತರ ಕನ್ನಡ ಜಿಲ್ಲೆಯ ಆಡಳಿತ ಕೇಂದ್ರವಾದ ಕಾರವಾರ ಪಟ್ಟಣ ಮತ್ತು ಅದರ ಸುತ್ತಮುತ್ತ ಅರಬ್ಬಿ ಸಮುದ್ರದ ದಂಡೆಯಲ್ಲಿರುವ ಮರಳತೀರಗಳು, ನಡುಗಡ್ಡೆಗಳು ಹಾಗೂ ಕಾಳಿ ನದಿಯ ಅಳಿವೆಯನ್ನು ಒಳಗೊಂಡ ಪ್ರವಾಸಿ ತಾಣಗಳು. ರಾಜ್ಯದ ಕರಾವಳಿಯ ಉತ್ತರ ತುದಿಯಲ್ಲಿ, ಗೋವಾ ಗಡಿಗೆ ಸಮೀಪದಲ್ಲಿ ಈ ಪಟ್ಟಣವಿದೆ. ಪೂರ್ವದಲ್ಲಿ ಸಹ್ಯಾದ್ರಿಯ ಬೆಟ್ಟಗಳು ಕಡಲಿನ ತೀರ ಹತ್ತಿರಕ್ಕೆ ಇಳಿದು ಬಂದಿರುವುದರಿಂದ ಒಂದೇ ನೋಟದಲ್ಲಿ ಕಾಡು, ಹೊಳೆ ಮತ್ತು ಸಮುದ್ರ ಮೂರೂ ಕಾಣಸಿಗುವುದು ಇಲ್ಲಿನ ವೈಶಿಷ್ಟ್ಯ. ಕನ್ನಡದ ಜೊತೆಗೆ ಕೊಂಕಣಿಯೂ ಇಲ್ಲಿನ ಮನೆಮಾತು.

ಠಾಗೋರ್ ಕಡಲತೀರ

ಪಟ್ಟಣಕ್ಕೆ ಅಂಟಿಕೊಂಡೇ ಇರುವ ಮುಖ್ಯ ಕಡಲತೀರಕ್ಕೆ ಕವಿ ರವೀಂದ್ರನಾಥ ಠಾಗೋರ್ ಅವರ ಹೆಸರನ್ನು ಇಡಲಾಗಿದೆ. ಇದು ಕೇವಲ ಗೌರವಾರ್ಥವಾಗಿ ಇಟ್ಟ ಹೆಸರಲ್ಲ. ಭಾರತೀಯ ನಾಗರಿಕ ಸೇವೆಗೆ ಆಯ್ಕೆಯಾದ ಮೊದಲ ಭಾರತೀಯರೂ ರವೀಂದ್ರರ ಅಣ್ಣನವರೂ ಆದ ಸತ್ಯೇಂದ್ರನಾಥ ಠಾಗೋರ್ ಇಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಇಪ್ಪತ್ತೆರಡರ ಹರೆಯದ ಕವಿ ಅವರ ಮನೆಗೆ ಬಂದು ತಂಗಿದ್ದರು. 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕ ರಚನೆಯಾದದ್ದು ಇಲ್ಲಿಯೇ. ಪ್ರಪಂಚವನ್ನು ತೊರೆದು ಗೆದ್ದೆನೆಂದುಕೊಂಡ ಸನ್ಯಾಸಿಯೊಬ್ಬ ಅನಾಥ ಬಾಲಕಿಯೊಬ್ಬಳ ಮಮತೆಗೆ ಸೋಲುವುದು ಅದರ ವಸ್ತು. ಕವಿಯು ತಮ್ಮ ಆತ್ಮಕಥನ 'ಜೀವನಸ್ಮೃತಿ'ಯಲ್ಲಿ ಕಾರವಾರಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾರೆ. ಅರ್ಧಚಂದ್ರಾಕಾರದ ದಂಡೆ, ಗಾಳಿಮರಗಳ ತೋಪು, ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯೇರಿ ಮೇಲಕ್ಕೆ ಸಾಗಿದ ಸಂಗತಿ ಅಲ್ಲಿ ಬರುತ್ತವೆ. ಇಂದಿನ ಪ್ರವಾಸಿಗರು ಹೆದ್ದಾರಿಯ ಸದ್ದಿನ ನಡುವೆ ನಿಂತು ಆ ಪುಟಗಳನ್ನು ನೆನೆಯುವುದು ಸುಲಭವಲ್ಲ. ಆದರೆ ಸೂರ್ಯ ಮುಳುಗಿದ ಮೇಲೆ ತೀರದ ಬಾಗು ಈಗಲೂ ಹಾಗೆಯೇ ಕಾಣುತ್ತದೆ.

ದಂಡೆಯಲ್ಲಿ ಬುಡಕಟ್ಟು ಜನರ ಬದುಕನ್ನು ಶಿಲ್ಪಗಳಲ್ಲಿ ತೋರಿಸುವ ರಾಕ್ ಗಾರ್ಡನ್, ಮತ್ಸ್ಯಾಲಯ ಹಾಗೂ ಯುದ್ಧನೌಕೆ ವಸ್ತುಸಂಗ್ರಹಾಲಯ ಇವೆ. ವಸ್ತುಸಂಗ್ರಹಾಲಯವಾಗಿ ಮಾರ್ಪಟ್ಟಿರುವ 'ಐಎನ್‌ಎಸ್ ಚಪಲ್' ಕ್ಷಿಪಣಿ ಹಡಗು 1971ರ ಯುದ್ಧದಲ್ಲಿ ಕರಾಚಿ ಬಂದರಿನ ಮೇಲೆ ದಾಳಿ ನಡೆಸಿತ್ತೆಂದು ಹಲವೆಡೆ ಬರೆಯಲಾಗುತ್ತದೆ. ವಿದ್ಯಾರ್ಥಿಗಳು ಇದನ್ನು ಹಾಗೆಯೇ ನಕಲು ಮಾಡಿಕೊಳ್ಳಬಾರದು. ಚಪಲ್ ನೌಕಾಪಡೆಗೆ ಸೇರಿದ್ದು 1976ರಲ್ಲಿ, ನಿವೃತ್ತವಾದದ್ದು 2005ರಲ್ಲಿ. ಕರಾಚಿಯ ದಾಳಿಯಲ್ಲಿ ಪಾಲ್ಗೊಂಡವು ಇದೇ ಮಾದರಿಯ ಹಿಂದಿನ ತಲೆಮಾರಿನ ಹಡಗುಗಳು. ಅದರ ಪಕ್ಕದಲ್ಲಿ 2017ರಲ್ಲಿ ಸೇವೆಯಿಂದ ನಿವೃತ್ತವಾದ ಟುಪೊಲೆವ್ ಕಣ್ಗಾವಲು ವಿಮಾನವನ್ನೂ ಇರಿಸಲಾಗಿದೆ.

ಈ ತೀರ ಮೀನುಗಾರರ ಕೆಲಸದ ಅಂಗಳವೂ ಹೌದು. ದಂಡೆಯಿಂದಲೇ ಎಳೆಯುವ ರಂಪಣಿ ಬಲೆಗೆ ಹತ್ತಾರು ಜನರ ಕೈ ಬೇಕು. ಬಂಗುಡೆ, ತಾರ್ಲೆಗಳ ಪಾಲನ್ನು ಎಳೆದವರೆಲ್ಲ ಹಂಚಿಕೊಳ್ಳುವುದು ವಾಡಿಕೆ. 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದ ನಂತರ ಈ ಪದ್ಧತಿ ಕ್ಷೀಣಿಸಿತಾದರೂ ಚಳಿಗಾಲದ ಮುಂಜಾನೆಗಳಲ್ಲಿ ದಡದ ಬಲೆ ಎಳೆಯುವುದನ್ನು ಇನ್ನೂ ನೋಡಬಹುದು.

ಕಾಳಿ ನದಿಯ ಅಳಿವೆ

ಜೋಯಿಡಾ ತಾಲೂಕಿನ ಡಿಗ್ಗಿಯಲ್ಲಿ ಹುಟ್ಟುವ ಕಾಳಿ ನದಿಯು ಸುಮಾರು 184 ಕಿಲೋಮೀಟರ್ ಹರಿದು ಪಟ್ಟಣದ ಉತ್ತರಕ್ಕೆ ಸಮುದ್ರವನ್ನು ಸೇರುತ್ತದೆ. ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳನ್ನೂ ಕೈಗಾ ಅಣುವಿದ್ಯುತ್ ಸ್ಥಾವರವನ್ನೂ ದಾಟಿ ಬರುವ ಈ ನದಿ ಅಳಿವೆಯಲ್ಲಿ ಮಾತ್ರ ಬಹಳ ಸಾವಧಾನವಾಗಿರುವಂತೆ ತೋರುತ್ತದೆ. ಉಬ್ಬರದ ಉಪ್ಪುನೀರು ಮತ್ತು ಹೊಳೆಯ ಸಿಹಿನೀರು ಕೂಡುವಲ್ಲಿ ಕಾಂಡ್ಲಾ ಕಾಡು ಬೆಳೆದಿದ್ದು, ಅದರ ನಡುವೆ ನಡೆದು ನೋಡಲು ಕಾಲುಹಾದಿಯನ್ನು ನಿರ್ಮಿಸಲಾಗಿದೆ. ಇಳಿತದ ಹೊತ್ತಿನಲ್ಲಿ ಬಗ್ಗಿ ಕೆಸರಿನಿಂದ ಬಳಚು ಆರಿಸುವ ಹೆಂಗಸರು ಕಾಣುತ್ತಾರೆ. ಇದು ಅವರ ದುಡಿಮೆ, ಪ್ರದರ್ಶನವಲ್ಲ. ಕೇಳದೆ ಛಾಯಾಚಿತ್ರ ತೆಗೆಯುವುದು ಸಭ್ಯತೆಯಲ್ಲ. ನದಿಯ ನಡುವಿನ ಕಾಳಿಮಾತಾ ನಡುಗಡ್ಡೆಯಲ್ಲಿ ದೇವಿಯ ಗುಡಿಯಿದೆ.

ರಾಷ್ಟ್ರೀಯ ಹೆದ್ದಾರಿ 66 ಇಲ್ಲಿ ನದಿಯನ್ನು ದಾಟುತ್ತದೆ. ನಾಲ್ಕು ದಶಕಗಳಷ್ಟು ಹಳೆಯದಾಗಿದ್ದ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿಯ ನಂತರ ಕುಸಿದು ಬಿದ್ದಿತು. ಆಗ ನೀರಿಗೆ ಬಿದ್ದ ಲಾರಿಯ ಚಾಲಕನನ್ನು ರಕ್ಷಿಸಲಾಯಿತು.

ಸೇತುವೆಯಾಚೆ, ಉತ್ತರ ದಂಡೆಯ ಗುಡ್ಡದ ಮೇಲೆ ಸದಾಶಿವಗಡವಿದೆ. ಸೋಂದೆಯ ಅರಸ ಬಸವಲಿಂಗನು 18ನೆಯ ಶತಮಾನದ ಆರಂಭದಲ್ಲಿ ಕೋಟೆಯನ್ನು ಕಟ್ಟಿಸಿ ತಂದೆ ಸದಾಶಿವನ ಹೆಸರಿಟ್ಟನು. ಮುಂದೆ ಅದು ಕೆಲಕಾಲ ಪೋರ್ಚುಗೀಸರ ವಶವಾಯಿತು. ಗೋಡೆಗಳ ಅವಶೇಷ ಅಲ್ಪವೇ. ದುರ್ಗಾದೇವಿಯ ಗುಡಿ ಮತ್ತು ಸಮೀಪದ ದರ್ಗಾ ಎರಡಕ್ಕೂ ಭಕ್ತರು ಬರುತ್ತಾರೆ. ಅಳಿವೆ ಸಮುದ್ರವನ್ನು ಸೇರುವ ದೃಶ್ಯವನ್ನು ನೋಡಲು ಇದಕ್ಕಿಂತ ಉತ್ತಮವಾದ ಸ್ಥಳ ಕಾರವಾರದಲ್ಲಿ ಇಲ್ಲ.

ದೇವಬಾಗ, ಮಾಜಾಳಿ ಮತ್ತು ತಿಳಮಾತಿ

ಅಳಿವೆಯ ಉತ್ತರಕ್ಕೆ ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಕಡಲು ಇರುವ ಮರಳಿನ ನಾಲಿಗೆಯೇ ದೇವಬಾಗ. ಇದನ್ನು ದ್ವೀಪವೆಂದು ಕರೆಯುವುದುಂಟಾದರೂ ಇದು ನೆಲಕ್ಕೆ ಸೇರಿಕೊಂಡೇ ಇದೆ. ದಟ್ಟವಾದ ಗಾಳಿಮರಗಳ ತೋಪಿನಲ್ಲಿ ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆಯ ವಸತಿತಾಣವಿದೆ. ಇಲ್ಲಿನ ಮತ್ತು ಮಾಜಾಳಿಯ ಮರಳಿನಲ್ಲಿ ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆಗಳಿದ್ದು, ಮರಿಗಳು ಸುಮಾರು ಏಳೆಂಟು ವಾರಗಳಲ್ಲಿ ಹೊರಬರುತ್ತವೆ. ಗೂಡು ಕಂಡ ಮೀನುಗಾರರು ಅರಣ್ಯ ಇಲಾಖೆಗೆ ತಿಳಿಸುತ್ತಾರೆ, ಇಲಾಖೆ ಅದಕ್ಕೆ ಬೇಲಿ ಕಟ್ಟುತ್ತದೆ. ಮರಿಗಳು ಕಡಲಿನ ಮೇಲಿನ ಮಂದ ಬೆಳಕನ್ನು ಅನುಸರಿಸಿ ನೀರಿಗಿಳಿಯುವುದರಿಂದ ದಂಡೆಯ ಪ್ರಖರ ದೀಪಗಳು ಅವುಗಳ ದಿಕ್ಕನ್ನು ತಪ್ಪಿಸುತ್ತವೆ.

ಮಾಜಾಳಿಯ ತೀರದಿಂದ ಉತ್ತರಕ್ಕೆ ಬಂಡೆ, ಗುಡ್ಡಗಳನ್ನು ದಾಟಿ ಕಾಲ್ನಡಿಗೆಯಲ್ಲಿ ಹೋದರೆ ಗೋವಾ ಗಡಿಯ ಬಳಿ ತಿಳಮಾತಿ ಸಿಗುತ್ತದೆ. ಇಲ್ಲಿನ ಮರಳು ಕಪ್ಪು ಎಳ್ಳಿನ ಕಾಳುಗಳಂತಿರುವುದೇ ಹೆಸರಿಗೆ ಕಾರಣ. ಮುಷ್ಟಿಯಲ್ಲಿ ಹಿಡಿದರೆ ಪುಡಿಯಂತಿರದೆ ಬಿಡಿಬಿಡಿಯಾಗಿ ಜಾರುತ್ತದೆ. ಬಹಳ ಚಿಕ್ಕ ತೀರ. ಅಂಗಡಿ, ಕುಡಿಯುವ ನೀರು ಯಾವುದೂ ಇಲ್ಲ. ನೆನಪಿಗೆಂದು ಪ್ರತಿಯೊಬ್ಬರೂ ಸೀಸೆ ತುಂಬಿಕೊಂಡು ಹೋದರೆ ಇಷ್ಟು ಸಣ್ಣ ಜಾಗದಲ್ಲಿ ಉಳಿಯುವುದೇನು ಎಂಬುದನ್ನು ಪ್ರವಾಸಿಗರು ಯೋಚಿಸತಕ್ಕದ್ದು.

ನಡುಗಡ್ಡೆಗಳು

ಆಮೆಯ ಬೆನ್ನಿನ ಆಕಾರದ ಕೂರ್ಮಗಡದಲ್ಲಿ ನರಸಿಂಹ ದೇವರ ಗುಡಿಯಿದೆ. ಪುಷ್ಯ ಹುಣ್ಣಿಮೆಯ ಜಾತ್ರೆಗೆ ಜನರು ದೋಣಿಗಳಲ್ಲಿ ಹೋಗಿ ಬಾಳೆಗೊನೆಯ ಹರಕೆ ಒಪ್ಪಿಸುತ್ತಾರೆ. 2019ರ ಜನವರಿ 21ರಂದು ಈ ಜಾತ್ರೆಯಿಂದ ಮರಳುತ್ತಿದ್ದ, ಮಿತಿಮೀರಿ ಜನರನ್ನು ಹೊತ್ತಿದ್ದ ದೋಣಿಯೊಂದು ಅಲೆಗೆ ಸಿಕ್ಕಿ ಮಗುಚಿ ಮಕ್ಕಳೂ ಸೇರಿ 16 ಮಂದಿ ಮೃತಪಟ್ಟರು. ದಡದಿಂದ ನೋಡುವಾಗ ಗಡ ಕೈಗೆಟಕುವಂತೆ ಕಂಡರೂ ನಡುವಿನದು ತೆರೆದ ಸಮುದ್ರ. ಜೀವರಕ್ಷಕ ಅಂಗಿಯಿಲ್ಲದೆ ದೋಣಿಯನ್ನು ಏರಬಾರದು. ಇನ್ನೂ ಪಶ್ಚಿಮಕ್ಕಿರುವ ದೇವಗಡ ನಡುಗಡ್ಡೆಯಲ್ಲಿ ಬ್ರಿಟಿಷರ ಕಾಲದ ದೀಪಸ್ತಂಭವಿದೆ.

ಬಿಣಗಾದ ಎದುರಿಗಿರುವ ಅಂಜದೀವ ಭೌಗೋಳಿಕವಾಗಿ ಕಾರವಾರಕ್ಕೆ ಸಮೀಪವಾದರೂ ಆಡಳಿತದ ದೃಷ್ಟಿಯಿಂದ ಗೋವಾ ರಾಜ್ಯಕ್ಕೆ ಸೇರಿದೆ. 1498ರಲ್ಲಿ ವಾಸ್ಕೊ ಡ ಗಾಮ ಇಲ್ಲಿ ತಂಗಿದ್ದನು. 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದರು. ಮುಂಬಯಿಯನ್ನು ವಶಕ್ಕೆ ಪಡೆಯಲು ಬಂದ ಇಂಗ್ಲಿಷ್ ಸೈನ್ಯಕ್ಕೆ ಪೋರ್ಚುಗೀಸರು ಅದನ್ನು ಒಪ್ಪಿಸದಿದ್ದಾಗ ಆ ಪಡೆ ಈ ನಡುಗಡ್ಡೆಯಲ್ಲಿ ಕಾಯುತ್ತಾ ಕುಳಿತು, ರೋಗರುಜಿನಗಳಿಂದ ನೂರಾರು ಸೈನಿಕರು ಸತ್ತರು. ಅವರ ಮುಖಂಡ ಅಬ್ರಹಾಂ ಶಿಪ್‌ಮನ್ ಕೂಡ 1664ರಲ್ಲಿ ಇಲ್ಲಿಯೇ ತೀರಿಕೊಂಡನು. ಈಗ ಅಂಜದೀವ ನೌಕಾನೆಲೆಯ ಭಾಗವಾಗಿದ್ದು ಸಾರ್ವಜನಿಕರಿಗೆ ಪ್ರವೇಶವಿಲ್ಲ.

ತೆರೆದ ತೀರದ ಪ್ರಶ್ನೆ

ಹಳೆಯ ಪ್ರವಾಸಿ ಪುಸ್ತಕಗಳಲ್ಲಿ ಕಾಣುವ ಅರಗಾ ಮುಂತಾದ ದಕ್ಷಿಣದ ತೀರಗಳನ್ನು ಇಂದು ಹುಡುಕಿಕೊಂಡು ಹೋಗುವುದು ವ್ಯರ್ಥ. 1986ರಲ್ಲಿ ಶಂಕುಸ್ಥಾಪನೆಗೊಂಡ ಸೀಬರ್ಡ್ ಯೋಜನೆಯ ನೌಕಾನೆಲೆ 'ಐಎನ್‌ಎಸ್ ಕದಂಬ' 2005ರಲ್ಲಿ ಕಾರ್ಯಾರಂಭ ಮಾಡಿತು. ಅದಕ್ಕಾಗಿ ಕಾರವಾರ ಮತ್ತು ಅಂಕೋಲಾ ನಡುವಿನ ಹಲವು ಹಳ್ಳಿಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ ಮತ್ತು ಕಡಲಿಗಿಳಿಯುವ ದಾರಿಯನ್ನು ಬಿಟ್ಟುಕೊಟ್ಟವು. ದೇಶದ ರಕ್ಷಣೆಗೆ ನೆಲೆಯ ಅಗತ್ಯವನ್ನು ಅಲ್ಲಗಳೆಯಲಾಗದು. ಆದರೆ ಮೀನುಗಾರನಿಗೆ ಕಡಲಿನಿಂದ ದೂರ ಕೊಟ್ಟ ನಿವೇಶನ ಮನೆಯಾಗಬಲ್ಲದೇ ಹೊರತು ದೋಣಿ ಎಳೆದಿಡುವ ದಂಡೆಯಾಗದು.

ಈ ಹಿನ್ನೆಲೆಯಲ್ಲಿ, ಸಾಗರಮಾಲಾ ಯೋಜನೆಯಡಿ ಬೈತಖೋಲದ ವಾಣಿಜ್ಯ ಬಂದರನ್ನು ವಿಸ್ತರಿಸುವ ಕಾಮಗಾರಿ 2020ರ ಜನವರಿಯಲ್ಲಿ ಆರಂಭವಾದಾಗ ಮೀನುಗಾರರು ಬೀದಿಗಿಳಿದರು. ಅಲೆತಡೆಗೋಡೆಯಿಂದ ಠಾಗೋರ್ ತೀರವೂ ಕೈತಪ್ಪುವುದೆಂಬುದು ಅವರ ಆತಂಕವಾಗಿತ್ತು. ಪಟ್ಟಣದ ಇತರ ನಾಗರಿಕರೂ ಬೆಂಬಲಿಸಿದರು. ಕಾಮಗಾರಿಗೆ ಉಚ್ಚ ನ್ಯಾಯಾಲಯದ ತಡೆಯಾಜ್ಞೆ ದೊರೆಯಿತು.

ಭೇಟಿಗೆ ಸೂಕ್ತ ಕಾಲ

ಅಕ್ಟೋಬರ್‌ನಿಂದ ಫೆಬ್ರವರಿಯವರೆಗಿನ ಅವಧಿ ಹಿತಕರ. ಏಪ್ರಿಲ್, ಮೇ ತಿಂಗಳುಗಳ ಸೆಕೆ ಹೊರಗಿನವರಿಗೆ ಸಹ್ಯವಾಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಸಮುದ್ರಕ್ಕೆ ಇಳಿಯಬಾರದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧವಿರುತ್ತದೆ. ಕದ್ರಾ ಅಣೆಕಟ್ಟಿನ ಬಾಗಿಲು ತೆರೆದಾಗ ಅಳಿವೆಯ ಸೆಳೆತ ಒಮ್ಮೆಲೇ ಹೆಚ್ಚುವುದರಿಂದ ಉಳಿದ ದಿನಗಳಲ್ಲಿ ಶಾಂತವಾಗಿ ಕಾಣುವ ಕೋಡಿಬಾಗದ ಬದಿಯಲ್ಲಿಯೂ ಎಚ್ಚರ ಅಗತ್ಯ. ಕೊಂಕಣ ರೈಲ್ವೆಯ ಕಾರವಾರ ನಿಲ್ದಾಣ ಪಟ್ಟಣದೊಳಗಿಲ್ಲ, ಶಿರವಾಡದಲ್ಲಿದೆ. ಅಲ್ಲಿಂದ ಬಸ್ಸು, ಆಟೋರಿಕ್ಷಾಗಳು ಸಿಗುತ್ತವೆ.