ಬೆಂಗೆಲ್ ಗುರುತಿಸಿದ 1836: ವುರ್ಟೆಂಬರ್ಗಿನ ಸಾವಿರ ವರ್ಷದ ನಿರೀಕ್ಷೆ ಮತ್ತು ಬಾಸೆಲ್ ಮಿಷನ್

ಹೊಸ ಒಡಂಬಡಿಕೆಯ ಕೊನೆಯ ಪುಸ್ತಕವಾದ ಪ್ರಕಟನೆಯ 20ನೇ ಅಧ್ಯಾಯದ ಮೊದಲ ಏಳು ವಚನಗಳಲ್ಲಿ ‘ಸಾವಿರ ವರ್ಷ’ ಎಂಬ ಮಾತು ಆರು ಸಲ ಬರುತ್ತದೆ. ದೇವದೂತನೊಬ್ಬ ಘಟಸರ್ಪವಾದ ಸೈತಾನನನ್ನು ಸರಪಳಿಯಿಂದ ಬಿಗಿದು ಅಧೋಲೋಕಕ್ಕೆ ದೊಬ್ಬುತ್ತಾನೆ. ಯೇಸುವಿನ ಸಾಕ್ಷಿಗಾಗಿ ತಲೆ ಕೊಟ್ಟವರು ಜೀವಿತರಾಗಿ ಎದ್ದು ಕ್ರಿಸ್ತನೊಂದಿಗೆ ಸಾವಿರ ವರ್ಷ ಆಳುತ್ತಾರೆ. ಅವಧಿ ತೀರಿದ ಮೇಲೆ ಸೈತಾನನಿಗೆ ಸ್ವಲ್ಪ ಕಾಲದ ಬಿಡುಗಡೆ, ಕಡೆಯ ಯುದ್ಧ, ಬಳಿಕ ನ್ಯಾಯತೀರ್ಪು. ಈ ಆಳ್ವಿಕೆಯ ಅವಧಿಯನ್ನು ಬೈಬಲ್ ಬೇರೆಲ್ಲೂ ಹೀಗೆ ಹೇಳುವುದಿಲ್ಲ. ಇಷ್ಟು ಕಿರಿದಾದ ಭಾಗವನ್ನು ಓದಿದ ರೀತಿಯಿಂದಲೇ ಜನ ಊರು ಬಿಟ್ಟರು, ಊರು ಕಟ್ಟಿದರು. ಅದಕ್ಕೆ ದಕ್ಷಿಣ ಜರ್ಮನಿಯ ವುರ್ಟೆಂಬರ್ಗಿಗಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಎರಡನೇ ಶತಮಾನದ ಜಸ್ಟಿನ್ ಮತ್ತು ಐರೇನಿಯಸ್ ಅವರಿಗೆ ಈ ಸಾವಿರ ವರ್ಷ ಭೂಮಿಯ ಮೇಲೆಯೇ, ಕ್ರಿಸ್ತನ ಎರಡನೆಯ ಬರೋಣದ ನಂತರ ಬರಬೇಕಾದದ್ದು. ಆದರೆ ಹೀಗೆ ನಂಬದ ಸದ್ಭಕ್ತರೂ ಇದ್ದಾರೆಂದು ಜಸ್ಟಿನ್ ಅವರೇ ಒಪ್ಪಿಕೊಂಡಿದ್ದರು. ಅಂದರೆ ಭಿನ್ನಮತ ಮೊದಲಿನಿಂದಲೂ ಇತ್ತು. ಐದನೇ ಶತಮಾನದ ಆರಂಭದಲ್ಲಿ ಅಗಸ್ಟೀನ್ ತಮ್ಮ ‘ದೇವನಗರ’ ಗ್ರಂಥದಲ್ಲಿ ಅದನ್ನು ಸಭೆಯ ಈಗಿನ ಕಾಲವೆಂದೇ ಓದಿದರು. ಸೈತಾನ ಈಗಾಗಲೇ ಕಟ್ಟಿಗೆ ಸಿಕ್ಕಿದ್ದಾನೆ, ಸಾವಿರವೆಂಬುದು ಪೂರ್ಣತೆಯ ಸಂಕೇತ ಎಂಬುದು ಅವರ ವಾದ. ಪಶ್ಚಿಮದ ಸಭೆಗಳಲ್ಲಿ ಇದೇ ಬಹುಕಾಲ ನೆಲೆಯೂರಿತು. ಸುವಾರ್ತೆಯ ಪ್ರಭಾವದಿಂದ ಲೋಕ ಮೊದಲು ಸುಧಾರಿಸುತ್ತದೆ, ಕ್ರಿಸ್ತ ಬರುವುದು ಅದರ ಕೊನೆಯಲ್ಲಿ ಎಂಬ ಮೂರನೆಯ ಓದು ಪ್ರಾಟೆಸ್ಟಂಟ್ ಸಭೆಗಳಲ್ಲಿ ಬಲ ಪಡೆದದ್ದು ಹದಿನೇಳನೇ ಶತಮಾನದಿಂದ ಈಚೆಗೆ.

ಲೂಥರನ್ ಸಭೆಗಳಿಗಂತೂ ಈ ವಿಷಯ ಮುಟ್ಟಬಾರದ ಕೆಂಡವಾಗಿತ್ತು. ಪುನರುತ್ಥಾನಕ್ಕೆ ಮೊದಲೇ ಭಕ್ತರು ಲೋಕದ ರಾಜ್ಯವನ್ನು ಕೈಗೆ ತೆಗೆದುಕೊಳ್ಳುತ್ತಾರೆ ಎನ್ನುವವರನ್ನು 1530ರ ಆಗ್ಸ್‌ಬರ್ಗ್ ವಿಶ್ವಾಸಪತ್ರದ 17ನೇ ಕಲಮು ಖಂಡಿಸಿತ್ತು. 1534–35ರಲ್ಲಿ ಮ್ಯೂನ್‌ಸ್ಟರ್ ನಗರವನ್ನು ಹಿಡಿದು ಹೊಸ ಯೆರೂಸಲೇಮು ಸ್ಥಾಪಿಸಹೊರಟವರ ರಕ್ತಮಯ ಅಂತ್ಯ ಆ ಭಯವನ್ನು ಇನ್ನಷ್ಟು ಹೆಚ್ಚಿಸಿತು. 1675ರಲ್ಲಿ ಫಿಲಿಪ್ ಯಾಕೋಬ್ ಶ್ಪೇನರ್ ಸಭೆಗೆ ಮುಂದೆ ಒಳ್ಳೆಯ ಕಾಲವಿದೆ ಎಂದು ಬರೆದಾಗ ಬಾಗಿಲು ಕೊಂಚ ತೆರೆಯಿತು. ಪಯಟಿಸಂ ಎಂದು ಹೆಸರಾದ ಭಕ್ತಿಚಳವಳಿ ಬೆಳೆದದ್ದು ಈ ಭರವಸೆಯಲ್ಲಿ.

ಯೋಹಾನ್ ಆಲ್‌ಬ್ರೆಖ್ಟ್ ಬೆಂಗೆಲ್ (1687–1752) ಈ ಪರಂಪರೆಯವರು. ಡೆಂಕೆನ್‌ಡಾರ್ಫಿನ ಮಠಶಾಲೆಯಲ್ಲಿ ದಶಕಗಳ ಕಾಲ ಪಾಠ ಹೇಳಿದ ಅವರು 1734ರಲ್ಲಿ ಗ್ರೀಕ್ ಹೊಸ ಒಡಂಬಡಿಕೆಯನ್ನು ಹಸ್ತಪ್ರತಿಗಳ ಪಾಠಾಂತರಗಳೊಂದಿಗೆ ಸಂಪಾದಿಸಿದರು. 1742ರ ‘ಗ್ನೋಮೋನ್’ ವ್ಯಾಖ್ಯಾನವನ್ನು ಜಾನ್ ವೆಸ್ಲಿ ಧಾರಾಳವಾಗಿ ಬಳಸಿಕೊಂಡರು. ಪಾಠಸಂಪಾದನೆಯಲ್ಲಿ ಅಷ್ಟು ಎಚ್ಚರದ ವಿದ್ವಾಂಸರು ದಿನಾಂಕ ಹೇಳಹೊರಟದ್ದು ವಿಚಿತ್ರವೆನಿಸಬಹುದು. ಬೆಂಗೆಲ್ ಅವರ ಮಟ್ಟಿಗೆ ಎರಡೂ ಒಂದೇ ಕೆಲಸ: ಗ್ರಂಥದ ಒಂದಕ್ಷರವೂ ವ್ಯರ್ಥವಲ್ಲವೆಂದ ಮೇಲೆ ಅದರ ಸಂಖ್ಯೆಯೂ ವ್ಯರ್ಥವಾಗಲಾರದು.

ಲೆಕ್ಕದ ಒಂದು ಎಳೆಯನ್ನು ಹಿಡಿದು ನೋಡಬಹುದು. ಪ್ರಕಟನೆಯ 13ನೇ ಅಧ್ಯಾಯದಲ್ಲಿ ಮೃಗದ ಅಧಿಕಾರಕ್ಕೆ 42 ತಿಂಗಳು, ಮೃಗದ ಸಂಖ್ಯೆ 666. ಬೆಂಗೆಲ್ ಈ 666ನ್ನು ವರ್ಷಗಳೆಂದು ಹಿಡಿದು 42ರಿಂದ ಭಾಗಿಸಿದರು. ಆಗ ಒಂದು ಪ್ರವಾದನಾ ತಿಂಗಳು ಹದಿನಾರು ವರ್ಷಕ್ಕೆ ತುಸು ಕಡಿಮೆ. ಇಂಥ ಅಳತೆಗೋಲುಗಳಿಂದ ಪುಸ್ತಕದ ಉಳಿದ ಅವಧಿಗಳನ್ನೆಲ್ಲ ಅಳೆದು, ಮೃಗವು ಬೀಳುವ ದಿನ 1836ರ ಜೂನ್ 18 ಎಂಬಲ್ಲಿಗೆ ಬಂದು ನಿಂತರು. ಅದು ಪ್ರಪಂಚದ ಕೊನೆಯ ದಿನವಲ್ಲ. ಈ ಅಂಶವನ್ನು ಅವರ ಓದುಗರಲ್ಲೇ ಹಲವರು ಮರೆತರು. 20ನೇ ಅಧ್ಯಾಯದಲ್ಲಿ ಒಂದರ ಹಿಂದೊಂದು ಸಾವಿರ ವರ್ಷದ ಎರಡು ಅವಧಿಗಳಿವೆಯೆಂದು ಅವರು ಓದಿದ್ದರು. ಮೊದಲನೆಯದರಲ್ಲಿ ಸೈತಾನ ಬಂಧಿತನಾಗಿ ಭೂಮಿಯ ಮೇಲೆ ಸಭೆ ಅರಳುತ್ತದೆ, ಎರಡನೆಯದರಲ್ಲಿ ಸಂತರು ಸ್ವರ್ಗದಲ್ಲಿ ಆಳುತ್ತಾರೆ, ನ್ಯಾಯತೀರ್ಪು ಆಮೇಲೆ. ಸೃಷ್ಟಿಯಿಂದ ಅಂತ್ಯದವರೆಗೆ ಒಟ್ಟು 7777 ವರ್ಷಕ್ಕೆ ಸ್ವಲ್ಪ ಹೆಚ್ಚು. 1836 ಏನೂ ಬದಲಾಗದೆ ಕಳೆದುಹೋದರೆ ತಮ್ಮ ಪದ್ಧತಿಯಲ್ಲೇ ದೊಡ್ಡ ತಪ್ಪಿರಬೇಕು, ಅದನ್ನು ಹುಡುಕಬೇಕು ಎಂದೂ ಅವರು ಮೊದಲೇ ಬರೆದಿಟ್ಟರು. ಕಾಲಗಣನೆ ಮಾಡಿದವರಲ್ಲಿ ಈ ಪ್ರಾಮಾಣಿಕತೆ ಅಪರೂಪ.

ಈ ಕಾಲಗಣನೆ ಹಿತ್ತಾಳೆಯಲ್ಲೂ ಮೂಡಿತು. ಪಾದ್ರಿಯೂ ಗಡಿಯಾರ ತಯಾರಕರೂ ಆಗಿದ್ದ ಫಿಲಿಪ್ ಮತ್ತೇಯಸ್ ಹಾನ್ 1769ರಲ್ಲಿ ಡ್ಯೂಕ್ ಕಾರ್ಲ್ ಆಯ್ಗನ್ ಅವರಿಗಾಗಿ ನಿರ್ಮಿಸಿದ ಖಗೋಳಯಂತ್ರದಲ್ಲಿ ಗ್ರಹಗಳ ಚಲನೆಯ ಜೊತೆಗೆ ಲೋಕದ ಇತಿಹಾಸದ ಮುಖಫಲಕವೊಂದಿದೆ. ಅದರ ವಿಂಗಡಣೆ ಬೆಂಗೆಲ್ ಅವರದೇ. ಗ್ರಹಗತಿಯಷ್ಟೇ ಖಚಿತವಾಗಿ ದೇವರ ಯೋಜನೆಯೂ ನಡೆಯುತ್ತಿದೆ ಎಂಬ ನಂಬಿಕೆಯನ್ನು ಕೀಲು-ಹಲ್ಲುಗಳಲ್ಲಿ ಕೂರಿಸಿದ ಇಂಥ ಸಾಕ್ಷ್ಯ ಅಪರೂಪ.

ವಿದ್ವಾಂಸರ ಲೆಕ್ಕ ಹಳ್ಳಿಗಾಡಿನ ಕೂಟಗಳಿಗೆ ಇಳಿದಾಗ ಬೇರೆಯೇ ರೂಪ ತಾಳಿತು. ಫ್ರೆಂಚ್ ಕ್ರಾಂತಿ ಮತ್ತು ನೆಪೋಲಿಯನ್ನನ ಯುದ್ಧಗಳು ಕಡೇ ದಿನಗಳ ಗುರುತುಗಳಾಗಿ ಕಂಡವು. ಸರ್ಕಾರಿ ಸಭೆ 1809ರಲ್ಲಿ ತಂದ ಹೊಸ ಆರಾಧನಾಕ್ರಮ ಭಕ್ತರಿಗೆ ಒಗ್ಗಲಿಲ್ಲ. 1815ರಲ್ಲಿ ದೂರದ ತಂಬೋರಾ ಜ್ವಾಲಾಮುಖಿ ಸಿಡಿದ ಪರಿಣಾಮವಾಗಿ ಮರುವರ್ಷ ಬೇಸಿಗೆಯೇ ಬರಲಿಲ್ಲ, ಬೆಳೆ ಕೊಳೆಯಿತು. ಸಂಕಟಕಾಲದ ಆಶ್ರಯಸ್ಥಾನ ಪೂರ್ವದಲ್ಲಿದೆ ಎಂಬ ಮಾತು ಯುಂಗ್-ಷ್ಟಿಲ್ಲಿಂಗ್ ಅವರ ಬರಹಗಳಿಂದ ಹರಡಿತ್ತು. 1817ರ ಸುಮಾರಿಗೆ ಸಾವಿರಾರು ಜನ ಉಲ್ಮ್‌ನಲ್ಲಿ ದೋಣಿ ಹತ್ತಿ ಡ್ಯಾನ್ಯೂಬ್ ನದಿಯಗುಂಟ ರಷ್ಯದ ಕಡೆಗೆ ಹೊರಟರು. ಹಲವರು ದಾರಿಯಲ್ಲೇ ರೋಗಕ್ಕೆ ಬಲಿಯಾದರು; ಉಳಿದವರಲ್ಲಿ ಒಂದು ಭಾಗ ಕಾಕಸಸ್ ತಲುಪಿ ಅಲ್ಲಿ ಊರು ಕಟ್ಟಿತು. ಹಸಿವು ಮತ್ತು ನಿರೀಕ್ಷೆಗಳನ್ನು ಈ ವಲಸೆಯಲ್ಲಿ ಬೇರ್ಪಡಿಸಿ ನೋಡುವುದು ಸರಿಯಲ್ಲ. ಹಸಿದವರೆಲ್ಲ ಪೂರ್ವಕ್ಕೆ ಹೋಗಲಿಲ್ಲ. ಪೂರ್ವಕ್ಕೇ ಏಕೆ ಎಂಬುದಕ್ಕೆ ಉತ್ತರ ಪ್ರಕಟನೆಯ ಓದಿನಲ್ಲಿದೆ.

ಜನ ಹೀಗೆ ದೇಶ ಬಿಡುವುದನ್ನು ತಡೆಯಲು ಲಿಯೋನ್‌ಬರ್ಗಿನ ಮೇಯರ್ ಗಾಟ್ಲೀಬ್ ವಿಲ್‌ಹೆಲ್ಮ್ ಹಾಫ್‌ಮನ್ ಒಂದು ದಾರಿ ಸೂಚಿಸಿದರು: ಭಕ್ತರಿಗೆ ಸ್ವದೇಶದಲ್ಲೇ ಸ್ವತಂತ್ರ ಊರು. ದೊರೆ ಒಂದನೇ ವಿಲ್‌ಹೆಲ್ಮ್ ಒಪ್ಪಿದರು. 1819ರಲ್ಲಿ ಕೋರ್ನ್‌ಟಾಲ್ ಹುಟ್ಟಿತು. ಕಾಯುವ ಜನ ಇಲ್ಲಿ ಶಾಲೆ ನಡೆಸಿದರು, ಅನಾಥ ಮಕ್ಕಳನ್ನು ಸಾಕಿದರು. ಸಾವಿರ ವರ್ಷದ ನಿರೀಕ್ಷೆ ಇವರನ್ನು ಲೋಕದಿಂದ ಬಿಡಿಸಲಿಲ್ಲ, ಅದರ ಕೆಲಸಕ್ಕೇ ಹಚ್ಚಿತು.

ಕನ್ನಡನಾಡಿನ ಕೊಂಡಿ ಇರುವುದು ಇಲ್ಲಿಯೇ. 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ ಸ್ವಿಟ್ಜರ್ಲೆಂಡಿನದಾದರೂ ಅದರ ಆಳುಬಲದಲ್ಲಿ ದೊಡ್ಡ ಪಾಲು ವುರ್ಟೆಂಬರ್ಗಿನ ಭಕ್ತಕುಟುಂಬಗಳದು. ಅದರ ಪ್ರಚಾರಕರು 1834ರಲ್ಲಿ ಮಂಗಳೂರಿಗೆ ಬಂದಿಳಿದರು; ಮುಂದೆ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಬಂದದ್ದು 1836ರಲ್ಲಿ. ಇಸವಿಗಳ ಈ ಹೊಂದಾಣಿಕೆಯಿಂದ ಕಾರ್ಯಕಾರಣ ಸಂಬಂಧ ಕಲ್ಪಿಸುವುದು ತಪ್ಪು. ನಿಜವಾದ ನಂಟು ಮನೆತನಗಳಲ್ಲಿದೆ. ಮೋಗ್ಲಿಂಗ್ ಅವರೂ ವುರ್ಟೆಂಬರ್ಗಿನವರೇ. ಮಂಗಳೂರು, ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳ ಕೆಲಸ ಬೇರುಬಿಟ್ಟ 1839ರಿಂದ 1850ರವರೆಗಿನ ಅವಧಿಯಲ್ಲಿ ಬಾಸೆಲ್ಲಿನ ಚುಕ್ಕಾಣಿ ಹಿಡಿದಿದ್ದ ವಿಲ್‌ಹೆಲ್ಮ್ ಹಾಫ್‌ಮನ್ ಕೋರ್ನ್‌ಟಾಲ್ ಸ್ಥಾಪಕರ ಮಗ.

1836ರ ಜೂನ್ 18 ಎಂದಿನಂತೆ ಬಂದು ಹೋಯಿತು. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಅವರ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕ್ರಿಸ್ತನಿಗಾಗಿ ಕಾದು ನಿರಾಶರಾದಾಗ ಆ ಚಳವಳಿ ಚೂರುಚೂರಾಯಿತು. ವುರ್ಟೆಂಬರ್ಗಿನಲ್ಲಿ ಅಂಥ ಒಡಕು ಕಾಣಲಿಲ್ಲ. ಅಷ್ಟರಲ್ಲಿ ಅಲ್ಲಿನ ನಿರೀಕ್ಷೆಗೆ ಊರು, ಶಾಲೆ, ಮಿಷನ್‌ಗಳ ಆಸರೆ ಸಿಕ್ಕಿತ್ತು. ದಿನಾಂಕ ಬಿದ್ದರೂ ಕೆಲಸ ನಿಲ್ಲಬೇಕಾಗಿರಲಿಲ್ಲ. ಇಂದು ಹಲವು ಸುವಾರ್ತಾ ಸಭೆಗಳಲ್ಲಿ ಕೇಳಿಬರುವ, ಸಭೆಯು ಗುಟ್ಟಾಗಿ ಎತ್ತಲ್ಪಡುತ್ತದೆ ಎಂಬ ಬೋಧನೆ ಈ ಪರಂಪರೆಯದಲ್ಲ. ಅದು ಜಾನ್ ನೆಲ್ಸನ್ ಡಾರ್ಬಿ ಅವರಿಂದ ಬೆಳೆದು, 1909ರ ಸ್ಕೋಫೀಲ್ಡ್ ಬೈಬಲಿನ ಮೂಲಕ ಹಬ್ಬಿದ್ದು.

ಆದರೆ ಹಳೆಯ ನಿರೀಕ್ಷೆಯ ಎಲ್ಲ ಕವಲೂ ಮಿಷನ್ನಿಗೆ ಸೇರಲಿಲ್ಲ. ವಿಲ್‌ಹೆಲ್ಮ್ ಹಾಫ್‌ಮನ್ ಬಾಸೆಲ್ ಬಿಟ್ಟು ಬರ್ಲಿನ್ನಿನಲ್ಲಿ ಆಸ್ಥಾನ ಬೋಧಕರಾದರು. ಅವರ ತಮ್ಮ ಕ್ರಿಸ್ಟೋಫ್ ಸಭೆಯಿಂದಲೇ ದೂರ ಸರಿದರು. ದೇವರ ಜನ ಪವಿತ್ರ ನಾಡಿನಲ್ಲಿ ಕೂಡಬೇಕೆಂದು ಅವರು 1861ರಲ್ಲಿ ಟೆಂಪಲ್ ಸೊಸೈಟಿ ಕಟ್ಟಿದರು. 1868ರಲ್ಲಿ ಗೇಯಾರ್ಗ್ ಡೇವಿಡ್ ಹಾರ್ಡೆಗ್ ಅವರೊಂದಿಗೆ ಪ್ಯಾಲೆಸ್ಟೀನಿಗೆ ತೆರಳಿದರು. ಹೈಫಾ, ಯಾಫಾ, ಸರೋನಾಗಳಲ್ಲಿ ವುರ್ಟೆಂಬರ್ಗಿನ ರೈತರೂ ಕಸುಬುದಾರರೂ ನೆಲೆಸಿ ದ್ರಾಕ್ಷಿ ಬೆಳೆದರು.